ಆರನೇ ಲೈನಿನ ಮಿಸ್ ಬರ್ನಿಸ್

"ಮುದುಕರ ದನಿಯನ್ನು ಪ್ರಸಾರಕ್ಕೆ ಬಿಡಬೇಡ." ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸದ ಮೊದಲ ಪಾಠ ಇದು.

ಹೇಳಿದವಳು ಕಾರ್ಲಾ, ನನ್ನ ಮೇಲಧಿಕಾರಿ. ಬರ್ಬ್ಯಾಂಕಿನ ಒಂದು ಕಟ್ಟಡದಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಆರು ಲೈನಿನ ಫೋನಿನ ಮುಂದೆ ನನ್ನನ್ನು ಕೂರಿಸಿ, ಹೆಡ್‌ಫೋನನ್ನು ಕೈಗೆ ಕೊಡುತ್ತಾ ಹೇಳಿದಳು. ಇಪ್ಪತ್ತನಾಲ್ಕು ಗಂಟೆಯೂ ಸುದ್ದಿ, ವಾದ, ಟ್ರಾಫಿಕ್ಕು, ಜಾಹೀರಾತು, ಮತ್ತೆ ವಾದ. ಹಾಡು ಎಂಬುದೇ ಇಲ್ಲದ ಖಾಸಗಿ ರೇಡಿಯೊ ನಿಲಯ ಅದು. ಲಾಸ್ ಏಂಜಲೀಸಿನ ಸುತ್ತಲಿನ ಊರುಗಳಿಂದ ಜನ ಫೋನು ಮಾಡುತ್ತಾರೆ. ಅವರನ್ನು ಮೊದಲು ನಾನು ಮಾತಾಡಿಸಿ, ಜರಡಿ ಹಿಡಿದು, ಲಾಯಕ್ಕಾದವರನ್ನು ಮಾತ್ರ ಒಳಗಿನ ಸ್ಟುಡಿಯೋದಲ್ಲಿರುವ ನಿರೂಪಕ ಡೇವ್‌ಗೆ ದಾಟಿಸಬೇಕು.

"ಯಾಕೆ? ಮುದುಕರು ಮಾತಾಡಿದರೆ ಏನು?" ಎಂದೆ.

"ಮುದುಕರ ದನಿ ಬಂತು ಅಂದ್ರೆ ಇದು ಮುದುಕರ ಸ್ಟೇಷನ್ನು ಅಂತ ಕಾರಲ್ಲಿರೋರು ಬೇರೆ ಕಡೆ ತಿರುಗಿಸ್ತಾರೆ, ಮಿಹಾ. ಐವತ್ತನಾಲ್ಕು ದಾಟಿದೋರು ಹಾಸಿಗೆ ಬದಲಾಯಿಸಲ್ಲ, ಕಾರು ಬದಲಾಯಿಸಲ್ಲ, ಗಂಡನ್ನೂ ಬದಲಾಯಿಸಲ್ಲ. ಜಾಹೀರಾತು ಕೊಡೋರಿಗೆ ಅಂಥೋರನ್ನ ಕಟ್ಕೊಂಡು ಏನಾಗ್ಬೇಕು?" ಮಿಹಾ ಎಂದರೆ ಸ್ಪ್ಯಾನಿಷಿನಲ್ಲಿ ಮಗಳೇ ಎಂದು. ಪ್ರೀತಿಗೂ ಅದೇ, ಬೈಗುಳಕ್ಕೂ ಅದೇ. "ದನಿ ನಡುಗ್ತು, ಕೆಮ್ಮಿದ್ರು, 'ನಮ್ಮ ಕಾಲದಲ್ಲಿ' ಅಂತ ಶುರು ಹಚ್ಕೊಂಡ್ರು, ಅಷ್ಟೇ. ಥ್ಯಾಂಕ್ಯೂ ಹೇಳಿ ಕಟ್ ಮಾಡು. ಒಬ್ಬರಿಗೆ ಹದಿನೈದು ಸೆಕೆಂಡು ಸಾಕು."

ನನಗೆ ಕಿವಿ ಬಿಸಿಯಾಯಿತು. ಅಮ್ಮ ಸರ್ಕಾರಿ ನರ್ಸು. ಅವಳಿಗೆ ವರ್ಗವಾಗುತ್ತಲೇ ಇದ್ದುದರಿಂದ ನಾನು ಬೆಳೆದದ್ದು ಅರಸೀಕೆರೆಯಲ್ಲಿ, ಅಜ್ಜಿ ಮತ್ತು ಅವರ ಅಕ್ಕ ದೊಡ್ಡಜ್ಜಿಯ ನಡುವೆ. ಮನೆಯ ಜಗುಲಿಯಲ್ಲಿ ಸಂಜೆ ಐದಾರು ಮುದುಕಿಯರು ಸೇರುತ್ತಿದ್ದರು. ನಾನು ಮಾತು ಕಲಿತದ್ದೇ ಅಲ್ಲಿ. ಗಾದೆ ಇಲ್ಲದೆ ವಾಕ್ಯ ಮುಗಿಯುತ್ತಿರಲಿಲ್ಲ, ಹಳೆಯ ಕಥೆಯೊಂದು ನುಸುಳದೆ ಸೊಪ್ಪು ಸೋಸಿ ಆಗುತ್ತಿರಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಮೊಣಕಾಲ ಮೇಲೊಂದು ಪೆಟ್ಟು. ಅಂಥವಳಿಗೆ ಇಲ್ಲಿ ಮುದುಕರ ಮಾತು ಕತ್ತರಿಸಲಿಕ್ಕೆ ಸಂಬಳ!

ರೇಡಿಯೊ ನನಗೆ ಹೊಸದಲ್ಲ. ಊರ ಹತ್ತಿರದ ಸರ್ಕಾರಿ ಬಾನುಲಿ ನಿಲಯದಲ್ಲಿ ಕೆಲವು ವರ್ಷ ಗುತ್ತಿಗೆಯ ಉದ್ಘೋಷಕಿಯಾಗಿದ್ದೆ. ಅಲ್ಲಿ ಭಾನುವಾರ ಕೇಳುಗರ ಪತ್ರ ಓದುತ್ತಿದ್ದೆವು. ಬಾಣಾವರದ ಕಡೆಯ ಒಬ್ಬ ತಾತ ವಾರವಾರವೂ ಕಾರ್ಡು ಬರೆಯುತ್ತಿದ್ದರು. ಒಕ್ಕಣೆ ಒಂದೇ: ಕಾರ್ಯಕ್ರಮ ಚೆನ್ನಾಗಿತ್ತು, ನಮ್ಮೂರ ಬೋರ್‌ವೆಲ್ ಇನ್ನೂ ರಿಪೇರಿಯಾಗಿಲ್ಲ. ವಾರವಾರವೂ ಪೂರ್ತಿ ಓದುತ್ತಿದ್ದೆವು, ಊರು, ಅಂಚೆ, ತಾಲ್ಲೂಕು ಸಮೇತ. ಆ ರೇಡಿಯೊ ಮೇಷ್ಟರ ಹಾಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಧಾನಕ್ಕೆ ಮಾತಾಡುತ್ತಿತ್ತು. ಇಲ್ಲಿಯದು ಬೀದಿ ನಲ್ಲಿಯ ಮುಂದಿನ ಜಗಳದ ಹಾಗೆ. ಬೈದುಕೊಳ್ಳುತ್ತಿರುವಾಗಲೇ ನಡುವೆ ಹಾಸಿಗೆ ಮಾರುವವನು ಬರುತ್ತಾನೆ, ಆಕ್ಸಿಡೆಂಟ್ ಆಯಿತೇ ನನಗೆ ಫೋನ್ ಮಾಡಿ ಎನ್ನುವ ವಕೀಲ ಬರುತ್ತಾನೆ, ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್ಕು ಬರುತ್ತದೆ, ಆಮೇಲೆ ಬೈಗುಳ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ನಾವು ಇಲ್ಲಿಗೆ ಬಂದದ್ದು 2021ರಲ್ಲಿ. ನನ್ನ ಗಂಡ ಪ್ರಕಾಶ್ ಭೂಕಂಪದ ಅಲೆಗಳನ್ನು ಓದುವವರು; ಪಸಡೀನಾದ ವಿಜ್ಞಾನ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಸೇರಿದ್ದರು. ಒಂದು ಮಲಗುವ ಕೋಣೆಯ ಬಾಡಿಗೆ ಮನೆ, ಗೋಡೆಯಿಂದ ಗೋಡೆಗೆ ಕಂದು ಕಾರ್ಪೆಟ್ಟು. ಮೊದಲ ದಿನ ಸಾಸಿವೆ ಸಿಡಿಸಿದಾಗ ಚಾವಣಿಯ ಹೊಗೆಗಂಟೆ ಕಿರುಚಿಕೊಂಡು, ಪಕ್ಕದ ಮನೆಯಾತ ಕೈಯಲ್ಲಿ ನಾಯಿಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿಬಂದು ನಿಂತಿದ್ದ. ಅಂದಿನಿಂದ ಒಗ್ಗರಣೆ ಹಾಕುವಾಗ ಪ್ರಕಾಶ್ ಒಂದು ಟವೆಲ್ಲು ಹಿಡಿದು ಗಂಟೆಯ ಕೆಳಗೆ ಚಾಮರ ಬೀಸುತ್ತಾರೆ. ಅವರು ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಶಬ್ದ. ಅರಸೀಕೆರೆ ಜಂಕ್ಷನ್, ಗಳಿಗೆಗೊಂದು ರೈಲು ಕೂಗುವ ಊರು. ಇಲ್ಲಿ ಬೀದಿಯಲ್ಲಿ ಒಂದು ಸೊಪ್ಪಿನವಳ ಕೂಗೂ ಇಲ್ಲ. ಒಂದೊಂದು ದಿನ ಸಂಜೆಯವರೆಗೆ ನನ್ನ ದನಿ ನನಗೇ ಕೇಳಿರುತ್ತಿರಲಿಲ್ಲ.

ಆ ಮೌನ ತಡೆಯಲಾರದೆ ಹಚ್ಚಿದ್ದೇ ಈ ರೇಡಿಯೊ. ಊರಿನ ಹೆಸರುಗಳನ್ನು ನಾನು ಕಲಿತದ್ದು ಅದರ ಟ್ರಾಫಿಕ್ ವರದಿಯಿಂದ. ಇಲ್ಲಿಯವರು ಹೆದ್ದಾರಿಗಳನ್ನು ಮನುಷ್ಯರಂತೆ ಕರೆಯುತ್ತಾರೆ: ದಿ ಟು-ಟೆನ್, ದಿ ಫೈವ್. ಇದ್ದಕ್ಕಿದ್ದಂತೆ ದಾರಿ ಕಟ್ಟಿ ಅರ್ಧ ಗಂಟೆಗೂ ತೆರೆಯದಿದ್ದರೆ ಅದಕ್ಕೆ ಸಿಗ್‌ಅಲರ್ಟ್ ಎಂದು ಹೆಸರು. ನನ್ನ ಬಾಳಿಗೇ ಸಿಗ್‌ಅಲರ್ಟ್ ಆಗಿದೆ ಎಂದು ಪ್ರಕಾಶರ ಮುಂದೆ ಹಾಸ್ಯ ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಮುಂದಿನ ವರ್ಷ ನನ್ನ ಕೆಲಸದ ಪರವಾನಗಿ ಬಂದಾಗ ಅದೇ ನಿಲಯಕ್ಕೆ ಅರ್ಜಿ ಹಾಕಿದೆ. ಫೋನು ಎತ್ತುವ ಕೆಲಸಕ್ಕೆ ಬೆಳಗಿನ ಜಾವ ಐದಕ್ಕೆ ಬರುವವರು ಬೇರೆ ಯಾರೂ ಇರಲಿಲ್ಲವೆಂದು ಕಾಣುತ್ತದೆ, ನನ್ನನ್ನೇ ತೆಗೆದುಕೊಂಡರು.

ಕೆಲಸದ ರೀತಿ ಹೀಗೆ. ದೀಪ ಮಿನುಗಿದರೆ ಲೈನು ಎತ್ತಬೇಕು. ಹೆಸರು? ಎಲ್ಲಿಂದ? ಯಾವ ವಿಷಯ? ಈ ಮೂರನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಬೇಕು, ಡೇವ್‌ಗೆ ಆಚೆ ಕಾಣಿಸುತ್ತದೆ. ಕೋಪದಲ್ಲಿರುವವರು ಉತ್ತಮ, ಅಳುವವರು ಅತ್ಯುತ್ತಮ, ವಿವರಿಸುವವರು ಬೇಡ. ಕಾರ್ಲಾ ಹೇಳುತ್ತಿದ್ದಳು, "ವಿವರ ಬೇಕಾದೋರು ಪುಸ್ತಕ ಓದ್ತಾರೆ."

ಮಿಸ್ ಬರ್ನಿಸ್ ಫೋನು ಮಾಡಿದ್ದು ನಾನು ಸೇರಿದ ಎರಡನೇ ವಾರ. ಬೆಳಗ್ಗೆ ಆರಕ್ಕೆ, ಆರನೇ ಲೈನಿನಲ್ಲಿ. ಆ ಹೊತ್ತಿಗೆ ಉಳಿದ ಲೈನುಗಳು ತುಂಬಿರುತ್ತಿದ್ದರಿಂದ ಅವರಿಗೆ ಯಾವಾಗಲೂ ಅದೇ ಸಿಗುತ್ತಿತ್ತು. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತೇನೆ. ಆ ರಾಗ ಮಾತ್ರ ನನ್ನ ಕೈಗೆ ಬರದು.

"ಕೂಸೇ, ನಾನು ಬರ್ನಿಸ್, ಆಲ್ಟಡೀನಾದಿಂದ. ನವಿಲುಗಳ ವಿಷಯ ಮಾತಾಡ್ಬೇಕು."

"ನವಿಲೇ?"

"ನವಿಲೇ. ನನ್ನ ಕಾರಿನ ಮೇಲೆ ಹತ್ತಿ ಬಣ್ಣ ಕುಕ್ತವೆ. ಅದರಲ್ಲಿ ತಮ್ಮ ಮುಖ ಕಂಡು ಇನ್ನೊಂದು ಗಂಡು ನವಿಲು ಅಂದ್ಕೊಳ್ತವೆ. ಗಂಡು ಜಾತಿ ಎಲ್ಲಾ ಕಡೆ ಒಂದೇ."

ನಮ್ಮಲ್ಲಿ ನವಿಲು ಸುಬ್ರಹ್ಮಣ್ಯನ ವಾಹನ, ಎಂದೆ. "ಹಾಗಾದ್ರೆ ಆ ದೇವರಿಗೆ ಹೇಳು, ಬಂದು ಹತ್ಕೊಂಡು ಹೋಗ್ಲಿ," ಎಂದರು. ನಾನು ಜೋರಾಗಿ ನಕ್ಕುಬಿಟ್ಟೆ. ತಿಂಗಳುಗಳ ಮೇಲೆ ನಕ್ಕದ್ದು. ಆದರೆ ಎಂಬತ್ತರ ಆಚೀಚಿನ ದನಿ, ತುದಿಯಲ್ಲಿ ನಡುಕ. ಪರದೆಯ ಮೇಲೆ ಅವರ ಹೆಸರನ್ನು ಟೈಪು ಮಾಡಲಿಲ್ಲ. "ಲೈನು ಬಹಳ ಇದೆ ಮಿಸ್ ಬರ್ನಿಸ್, ಇವತ್ತು ಆಗೋದಿಲ್ಲವೇನೋ," ಎಂದು ಸುಳ್ಳು ಹೇಳಿದೆ.

ಮಾರನೆಯ ದಿನ ಮತ್ತೆ ಬಂದರು. ಅದರ ಮಾರನೆಯ ದಿನವೂ. ಹೀಗೆ ಎರಡು ವರ್ಷ.

ಅಂಥ ಕೇಳುಗರನ್ನು ಬೇಗ ಸಾಗಹಾಕಬೇಕು. ನಾನು ಆರನೇ ಲೈನನ್ನು ಹಿಡಿದಿಟ್ಟುಕೊಳ್ಳುತ್ತಿದ್ದೆ. ಹಾಸಿಗೆಯವನೂ ವಕೀಲನೂ ಬಂದ ಮೂರು ನಿಮಿಷ ನಮ್ಮಿಬ್ಬರದು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಶೀಲಾ ಸ್ಯಾನ್ ಡಿಯಾಗೋದಲ್ಲಿ ದಾದಿ. ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಎರಡು ಸಲ ನಪಾಸಾದಾಗ ಅವರು ಹೇಳಿದ್ದು: "ಕನ್ನಡಿ ನೋಡೋದು ಸಾಲದು, ತಲೆ ತಿರುಗಿಸಿ ನೋಡಿದ್ದು ಆ ಪರೀಕ್ಷೆಯೋನಿಗೆ ಕಾಣ್ಬೇಕು. ನಾಟಕದೋರ ಥರ ತಿರುಗಿಸು." ಮೂರನೆಯ ಸಲ ನಾಟಕದವರ ಹಾಗೆ ತಿರುಗಿಸಿದೆ, ಪಾಸಾದೆ. ಕಾಲರ್ಡ್ ಎಂಬ ಎಲೆಸೊಪ್ಪನ್ನು ಹೇಗೆ ಬೇಯಿಸಬೇಕೆಂದೂ ಹೇಳಿಕೊಟ್ಟರು. ನೋಡಲು ಕೋಸಿನ ಹೊರ ಎಲೆಯಂತೆ, ಬೇಯಲು ಹಟಮಾರಿ. ನಾನು ಅದರಿಂದ ಬಸ್ಸಾರು ಮಾಡಿದೆ. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ರಾಗಿಹಿಟ್ಟು ತಂದು ಮುದ್ದೆ ತಿರುವಿ ಉಂಡ ದಿನ ಪ್ರಕಾಶ್ ಎರಡನೇ ಮುದ್ದೆಗೆ ತಟ್ಟೆ ಒಡ್ಡಿ, "ಯಾರು ಹೇಳ್ಕೊಟ್ರು?" ಎಂದರು. "ದೊಡ್ಡಜ್ಜಿ," ಎಂದು ಬಾಯಿಗೆ ಬಂತು, ತಿದ್ದಿಕೊಂಡೆ.

ಹೆಸರಿಗೆ ಮೊದಲು ಮಿಸ್ ಸೇರಿಸುವುದನ್ನು ಕಲಿಸಿದವರೂ ಅವರೇ. ಇಲ್ಲಿ ಎಲ್ಲರೂ ಎಲ್ಲರನ್ನೂ ಬರಿ ಹೆಸರು ಹಿಡಿದು ಕರೆಯುತ್ತಾರೆ, ನನ್ನ ನಾಲಿಗೆಗೆ ಅದು ಒಗ್ಗದು. ಅವರ ಕಪ್ಪು ಜನರ ಮನೆಗಳಲ್ಲಿ ಹಿರಿಯ ಹೆಂಗಸನ್ನು ಮಿಸ್ ಸೇರಿಸದೆ ಕೂಗಿದ ಮಗುವಿಗೆ ಏಟು ಗ್ಯಾರಂಟಿಯಂತೆ. ನಮ್ಮಲ್ಲಿ ಬರ್ನಿಸಮ್ಮ ಎನ್ನುವುದೂ ಇಲ್ಲಿ ಮಿಸ್ ಬರ್ನಿಸ್ ಎನ್ನುವುದೂ ಒಂದೇ ಎಂದು ತಿಳಿದಾಗ ಈ ದೇಶದ ಒಂದು ಕಿಟಕಿ ತೆರೆದ ಹಾಗಾಯಿತು.

ಬೆಟ್ಟದ ಬುಡದಲ್ಲಿದ್ದ ಅವರ ಮನೆ ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ. "ಭಾನುವಾರ ಚರ್ಚಿನಿಂದ ಬಂದ ಮೇಲೆ ಬಾ, ಹೊಟ್ಟೆ ತುಂಬ ಹಾಕ್ತೀನಿ," ಎಂದು ಎಷ್ಟು ಸಲ ಕರೆದರೋ. ಕೇಳುಗರನ್ನು ಹೊರಗೆ ಭೇಟಿಯಾಗಬಾರದು ಎಂಬುದು ನಿಲಯದ ಕಟ್ಟುಪಾಡು. ಜೊತೆಗೆ ನನಗೆ ಒಳಗೊಂದು ಅಳುಕು. ಎದುರಿಗೆ ಕೂತು ಅವರು, "ನನ್ನನ್ನ ಯಾಕೆ ಒಂದು ದಿನವೂ ಬಿಡ್ಲಿಲ್ಲ?" ಎಂದು ಕೇಳಿದರೆ? ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಉಳಿದೆ.

ಕಾರ್ಲಾಗೆ ಗೊತ್ತಾಗದೆ ಇರುತ್ತದೆಯೇ. "ಏನು ಮಿಹಾ, ಆರನೇ ಲೈನು ನಿನ್ನ ಅಜ್ಜಿಗೆ ಬರೆದುಕೊಟ್ಟಿದ್ಯಾ?" ಎಂದು ಹಂಗಿಸುತ್ತಿದ್ದಳು. ಆದರೆ ಕಿತ್ತುಕೊಳ್ಳಲಿಲ್ಲ. ಅವಳ ಅಜ್ಜಿಯೂ ಎಲ್ಲೋ ಫೋನು ಹಿಡಿದು ಕೂತಿದ್ದಿರಬೇಕು.

2025ರ ಜನವರಿಯ ಒಂದು ಬೆಳಗಿನ ಜಾವ. ಹಿಂದಿನ ದಿನದಿಂದಲೇ ಸಾಂಟಾ ಆನಾ ಬೀಸುತ್ತಿತ್ತು. ಮರುಭೂಮಿಯ ಕಡೆಯಿಂದ ಸಮುದ್ರದತ್ತ ನುಗ್ಗುವ ಒಣಗಾಳಿಗೆ ಇಲ್ಲಿಯವರು ಇಟ್ಟ ಹೆಸರು ಅದು. ನಮ್ಮ ಆಷಾಢದ ಗಾಳಿ ಹಿಂದೆಯೇ ಮಳೆ ತರುತ್ತದೆ. ಇದು ತರುವುದು ಬೆಂಕಿ. ನಾನು ಕೆಲಸಕ್ಕೆ ಹೊರಟಾಗ ಕಾರಿನ ಮೇಲೆ ಬೂದಿ ಕೂತಿತ್ತು. ಉತ್ತರಕ್ಕೆ ಬೆಟ್ಟದ ಅಂಚು ಕೆಂಡದ ಗೆರೆಯಂತಿತ್ತು. ಬಾಗಿಲ ಬಳಿ ಪಾಸ್‌ಪೋರ್ಟಿನ ಚೀಲ ಇಟ್ಟುಕೊಂಡು ಪ್ರಕಾಶ್ ಎಚ್ಚರವಾಗಿ ಕೂತಿದ್ದರು.

ನಿಲಯದಲ್ಲಿ ಆರೂ ದೀಪಗಳು ಆರುತ್ತಲೇ ಇರಲಿಲ್ಲ. ಒಬ್ಬರನ್ನು ಇಳಿಸಿದರೆ ಇನ್ನೊಬ್ಬರು. ಅಂದು ಜಾಹೀರಾತು ನಿಂತಿತ್ತು. ಕಾರ್ಲಾ ಕೂದಲು ಕೆದರಿಕೊಂಡು ನನ್ನ ಹಿಂದೆ ನಿಂತು, "ಇವತ್ತು ವಯಸ್ಸು ನೋಡ್ಬೇಡ, ಏನೂ ನೋಡ್ಬೇಡ. ಬೆಟ್ಟದ ಕಡೆಯಿಂದ ಯಾರು ಬಂದ್ರೂ ಒಳಗೆ ಕಳಿಸು," ಎಂದಳು.

ಆರೂಕಾಲಿಗೆ ಆರನೇ ಲೈನು. "ಕೂಸೇ."

"ಮಿಸ್ ಬರ್ನಿಸ್! ಹೇಗಿದ್ದೀರಿ? ನಿಮ್ಮ ಕಡೆ—"

"ಬೀದಿ ತುದಿಯ ಮನೆ ಹತ್ಕೊಂಡಿದೆ. ಕರೆಂಟಿಲ್ಲ. ಕಾರಲ್ಲಿ ಕೂತಿದ್ದೀನಿ, ಹೊರಟೆ. ನೀನು ಕಾಯ್ತಿರ್ತೀಯಲ್ಲ, ಹೇಳಿ ಹೋಗೋಣ ಅಂತ ಮಾಡ್ದೆ."

ನಾನು ಪರದೆಯ ಮೇಲೆ ಮೊಟ್ಟಮೊದಲ ಬಾರಿಗೆ ಟೈಪು ಮಾಡಿದೆ: ಬರ್ನಿಸ್, ಆಲ್ಟಡೀನಾ. "ನಿಮ್ಮನ್ನ ಈಗಲೇ ಡೇವ್‌ಗೆ ಕೊಡ್ತೀನಿ. ಪ್ರಸಾರದಲ್ಲಿ ಮಾತಾಡಿ," ಎಂದೆ.

ಅವರು ಕೆಮ್ಮಿದರು, ಕೆಮ್ಮಿನೊಳಗೇ ನಕ್ಕರು. "ಎರಡು ವರ್ಷ ಹೊರಗೆ ನಿಲ್ಲಿಸಿ ಈಗ ಕರೀತೀಯಾ? ನನ್ನ ದನಿ ಹಳೇದು ಅಂತ ನನಗೆ ಗೊತ್ತಿಲ್ವಾ, ಹುಚ್ಚಿ. ಈಗ ನನಗೆ ಪುರುಸೊತ್ತಿಲ್ಲ. ಬರ್ಲಾ?"

ಎಲ್ಲಿಗೆ? ಆ ಮಾತು ನಾಲಿಗೆಯ ಬುಡದವರೆಗೆ ಬಂತು. ಅಲ್ಲಿಯೇ ನಿಂತಿತು. ನಾನು ಅಂದದ್ದು, "ಹುಷಾರಾಗಿ ಹೋಗಿ ಬನ್ನಿ, ಮಿಸ್ ಬರ್ನಿಸ್."

ಲೈನು ಕಡಿಯಿತು. ಮುಂದಿನ ದೀಪ ಒತ್ತಿದೆ.

ಇದನ್ನು ಓದುತ್ತಿರುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹೊಸ್ತಿಲು ದಾಟುತ್ತಿರುವವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ, ಕೆಲವೊಮ್ಮೆ ಹೋದವರಿಗೇ ಕೇಡಾಗುತ್ತದೆ. ಜಂಕ್ಷನ್ನಿನ ಊರಲ್ಲಿ ಇದು ಎಷ್ಟು ಬಿಗಿ ಅಂದರೆ, ಪಕ್ಕದ ಮನೆಯ ರುದ್ರಪ್ಪ ಟಿಕೆಟ್ ಕೌಂಟರಿಗೆ ಗುಮಾಸ್ತನಾಗಿ ಸೇರಿದಾಗ ದೊಡ್ಡಜ್ಜಿ, "ದಿನಾ ಊರ ಮಂದಿಗೆಲ್ಲ ಎಲ್ಲಿಗೆ ಎಲ್ಲಿಗೆ ಅಂತ ಅಪಶಕುನ ನುಡೀತೀಯಲ್ಲೋ, ಪಾಪ ಸುತ್ಕೊಳ್ಳಲ್ವೇನೋ!" ಎಂದು ನಿಜವಾಗಿಯೂ ಚಿಂತೆ ಮಾಡಿದ್ದರು. ತೀರಾ ಕೇಳಲೇಬೇಕಾದರೆ, "ದೂರ ಹೊರಟ್ರಾ?" ಎನ್ನಬೇಕು. ನಾಲ್ಕನೇ ವಯಸ್ಸಿಗೆ ನನ್ನ ಬಾಯಿಗೆ ಹಾಕಿದ ಬೀಗ ಅದು. ಫೋನು ಮಾಡಿದ ಎಲ್ಲರನ್ನೂ ಎಲ್ಲಿಂದ ಎಂದು ಕೇಳುವುದು ಕೆಲಸವಾಗಿತ್ತು. ಅದು ಬರುವವರನ್ನು ಕೇಳುವ ಮಾತು, ಅಡ್ಡಿಯಿರಲಿಲ್ಲ. ಬೆಂಕಿಯಿಂದ ಹೊರಟ ಹಿರಿಯರಿಗೆ ನಾನು ಕೊಡಬಹುದಾಗಿದ್ದುದು ಒಂದು ಒಳ್ಳೆಯ ಶಕುನ. ಅದನ್ನೇ ಕೊಟ್ಟೆ.

ಎಂಟೂವರೆಗೆ ಒಂದು ಗಟ್ಟಿದನಿ. "ನಾನು ಶೀಲಾ, ಸ್ಯಾನ್ ಡಿಯಾಗೋದಿಂದ. ನಿಮ್ಮಲ್ಲಿ ನನ್ನಮ್ಮನ ಜೊತೆ ಮಾತಾಡೋ ಹುಡುಗಿ ಇದ್ದಾಳಂತೆ, ಯಾರು?"

"ನಾನೇ."

"ಅಮ್ಮನ ಫೋನಿಗೆ ಹತ್ತು ಸಲ ಮಾಡ್ದೆ, ಹೋಗ್ತಿಲ್ಲ. ನಿಮಗೇನಾದ್ರೂ ಮಾಡಿದ್ಲಾ?"

"ಆರೂಕಾಲಿಗೆ ಮಾಡಿದ್ರು. ಕಾರಲ್ಲಿದ್ರು. ಹೊರಟಿದ್ರು." ಇಷ್ಟು ಹೇಳುವಾಗ ನನಗೆ ಹೆಮ್ಮೆಯೇ ಇತ್ತು, ದೇವರಾಣೆ.

"ಓ, ದೇವರೇ. ಥ್ಯಾಂಕ್ಯೂ. ಎಲ್ಲಿಗೆ ಹೋಗ್ತೀನಿ ಅಂದ್ಲು?"

"...ಕೇಳ್ಲಿಲ್ಲ."

"ಹೇಳ್ಲಿಲ್ಲ ಅಂತಾನಾ?"

"ಇಲ್ಲ. ನಾನು ಕೇಳ್ಲಿಲ್ಲ."

"ಇಡೀ ಊರನ್ನ ಎಲ್ಲಿ ಅಂತ ಕೇಳೋದೇ ನಿಮ್ಮ ಕೆಲಸ ಅಲ್ವಾ?" ಎಂದಳು.

ಅವಳನ್ನು ಪ್ರಸಾರಕ್ಕೆ ಬಿಟ್ಟೆವು. ಹಸಿರು ಬಣ್ಣದ ಹಳೆಯ ಕಾರು, ಬಾನೆಟ್ಟಿನ ಮೇಲೆ ನವಿಲು ಕುಕ್ಕಿದ ಗುರುತು, ಎಂಬತ್ತೆರಡರ ತಾಯಿ. ಕೇಳುಗರು ಫೋನು ಮಾಡಿದರು. ಪಸಡೀನಾದ ಆಶ್ರಯ ಶಿಬಿರದಲ್ಲಿ ನೋಡಿದೆ ಎಂದರು ಒಬ್ಬರು, ಅಲ್ಲಿರಲಿಲ್ಲ. ದಿ ಟು-ಟೆನ್ ಮೇಲೆ ಪೂರ್ವಕ್ಕೆ ಹೋಗುತ್ತಿತ್ತು ಎಂದರು ಇನ್ನೊಬ್ಬರು. ಪಶ್ಚಿಮಕ್ಕೆ ಎಂದರು ಮತ್ತೊಬ್ಬರು. ಶೀಲಾ ಅಂದೇ ಕಾರು ಹತ್ತಿ ಬಂದು, ಶಿಬಿರದಿಂದ ಶಿಬಿರಕ್ಕೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಅವರ ಬೀದಿ ಪೂರ್ತಿ ಸುಟ್ಟಿತ್ತು. ಚರ್ಚೂ ಸುಟ್ಟಿತ್ತು, ಅಮ್ಮ ಯಾರ ಮನೆಗೆ ಹೋಗಿರಬಹುದೆಂದು ಹೇಳಬಲ್ಲ ನೆರೆಹೊರೆಯೆಲ್ಲ ದಿಕ್ಕಾಪಾಲಾಗಿತ್ತು.

ಮನೆಗೆ ಬಂದು ಪ್ರಕಾಶರಿಗೆ ಹೇಳಿದೆ. "ಕೇಳ್ಲಿಲ್ವಾ?" ಎಂದರು. "ಹೊರಟೋರನ್ನ ಹೇಗೆ ಕೇಳೋದು ರೀ?" ಎಂದೆ. ಅವರದು ಕಡೂರು, ಅವರ ಬಾಯಿಗೂ ಅದೇ ಬೀಗ. "ನಾನಾಗಿದ್ರೂ ಕೇಳ್ತಿರ್ಲಿಲ್ಲ ಬಿಡು," ಎಂದರು. ಭೂಮಿಯೊಳಗೆ ಎಲ್ಲಿ ಬಿರುಕು ಬಿಟ್ಟಿತೆಂದು ಲೆಕ್ಕ ಹಾಕಿ ಹೇಳುವ ಮನುಷ್ಯ. ಆ ಸಮಾಧಾನ ನನಗೆ ಸಾಲಲಿಲ್ಲ. ಊರಲ್ಲಾಗಿದ್ದರೆ ನಾನು ಕೇಳದೆ ಇದ್ದುದರಿಂದ ಏನೂ ಆಗುತ್ತಿರಲಿಲ್ಲ. ಕಾಫಿ ಪುಡಿಯಂಗಡಿಯವನು ನೋಡಿರುತ್ತಿದ್ದ, ಜಟಕಾದವನು ನೋಡಿರುತ್ತಿದ್ದ. ಎಲ್ಲಿಗೆ ಎಂದು ಕೇಳದೆಯೂ ಇಡೀ ಬೀದಿಗೆ ಗೊತ್ತಿರುತ್ತಿತ್ತು. ಇಲ್ಲಿ ಕಾರಿನ ಗಾಜು ಏರಿಸಿಕೊಂಡು ಹೊರಟರೆ, ಕೇಳಿದವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಆ ಕೇಳಬೇಕಾದವಳು ನಾನೊಬ್ಬಳೇ ಆಗಿದ್ದೆ.

ನಾಲ್ಕನೆಯ ಬೆಳಗ್ಗೆ ಒಬ್ಬ ಹೆಂಗಸಿನ ಫೋನು ಬಂತು. ದಣಿದ ದನಿ, ಹಿಂದೆ ಯಂತ್ರಗಳ ಬೀಪ್ ಬೀಪ್. "ಇದು ಯಾವ ನಂಬರು ಅಂತ ಮೊದಲು ಹೇಳ್ತೀರಾ?" ಎಂದಳು.

"ರೇಡಿಯೊ ನಿಲಯ."

"ರೇಡಿಯೊನಾ? ನಾನು ಯಾರೋ ಸಂಬಂಧಿಕರು ಅಂದ್ಕೊಂಡೆ. ನಾನು ಪೊಮೋನಾದ ಆಸ್ಪತ್ರೆಯೊಂದರ ನರ್ಸು. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹೊಗೆ ಕುಡಿದು ಬಂದೋರು. ಚೀಲ ಇಲ್ಲ, ಫೋನಿಲ್ಲ. ಮಗಳ ನಂಬರು ಕೇಳಿದ್ರೆ ನೆನಪಿಲ್ಲ ಅಂತಾರೆ, ಆದ್ರೆ ಈ ಒಂದು ನಂಬರು ಮಾತ್ರ ಗಟ್ಟಿ ಬಾಯಿಪಾಠ. ಇಲ್ಲಿಗೆ ಮಾಡಿ, ಅಲ್ಲೊಬ್ಬ ಹುಡುಗಿ ಇದ್ದಾಳೆ ಅಂತ ಹೇಳ್ತಾನೇ ಇದ್ರು. ಎರಡು ದಿನದಿಂದ ಮಾಡ್ತಿದ್ದೀನಿ, ಬರೀ ಎಂಗೇಜು."

ಆರೂ ಲೈನು ತುಂಬಿತ್ತಲ್ಲ. ತುಂಬಿಸಿದವಳು ನಾನೇ. "ಈಗ ಮಾತಾಡ್ತಾರಾ? ಒಂದು ಸಲ ಕೊಡಿ," ಎಂದೆ.

"ನಿನ್ನೆ ರಾತ್ರಿಯವರೆಗೂ ಮಾತಾಡ್ತಿದ್ರು," ಎಂದಳು. "ಈಗ ಉಸಿರಿಗೆ ನಳಿಗೆ ಹಾಕಿದ್ದೇವೆ. ನಿದ್ದೆ ಮದ್ದು."

ಆಮೇಲೆ ತಿಳಿದದ್ದು ಇಷ್ಟು. ಅವರು ಹೊರಟದ್ದು ಪೊಮೋನಾದಲ್ಲಿದ್ದ ಒಬ್ಬ ಚರ್ಚಿನ ಗೆಳತಿಯ ಮನೆಗೆ. ಗೆಳತಿ ಊರಲ್ಲಿರಲಿಲ್ಲ. ಬಾಗಿಲ ಮುಂದೆ ಕಾರಿನಲ್ಲೇ ಕೂತು ಕಾದಿದ್ದಾರೆ. ಕೆಮ್ಮು ಹೆಚ್ಚಾಗಿ ಕುಸಿದಾಗ ದಾರಿಹೋಕರು ಆಂಬುಲೆನ್ಸ್ ಕರೆದಿದ್ದಾರೆ; ಫೋನೂ ಚೀಲವೂ ಕಾರಿನಲ್ಲೇ ಉಳಿದವು. ಎಲ್ಲಿಗೆ ಎಂದು ನಾನು ಕೇಳಿದ್ದರೆ ಒಂದೇ ಪದ ಸಿಗುತ್ತಿತ್ತು: ಪೊಮೋನಾ. ಮಗಳು ಆ ಸಂಜೆಯೇ ಮಂಚದ ಪಕ್ಕ ಇರುತ್ತಿದ್ದಳು. ತಾಯಿ ಮಾತಾಡುತ್ತಿದ್ದ ಮೂರು ದಿನಗಳು ಅವಳಿಗೆ ಸಿಗುತ್ತಿದ್ದವು.

ಮಿಸ್ ಬರ್ನಿಸ್ ಎಚ್ಚರಗೊಳ್ಳಲಿಲ್ಲ. ಹನ್ನೊಂದನೆಯ ದಿನ ಹೋದರು.

ಅವರ ಚರ್ಚು ಬೂದಿಯಾಗಿದ್ದರಿಂದ ಪ್ರಾರ್ಥನೆಯನ್ನು ಮಗಳ ಊರಾದ ಸ್ಯಾನ್ ಡಿಯಾಗೋದಲ್ಲಿ ಇಟ್ಟುಕೊಂಡರು. ದಿ ಫೈವ್ ಹಿಡಿದು ಒಬ್ಬಳೇ ಹೋದೆ, ತಲೆಯನ್ನು ಪ್ರತಿ ತಿರುವಿನಲ್ಲೂ ತಿರುಗಿಸುತ್ತಾ. ಬಲಕ್ಕೆ ಸಮುದ್ರ, ಏನೂ ಆಗಿಲ್ಲವೆಂಬಂತೆ ನೀಲಿ. ಅರ್ಧ ದಾರಿಯಲ್ಲಿ ನಮ್ಮ ನಿಲಯದ ದನಿ ಕರಕರ ಎನ್ನತೊಡಗಿತು, ಆರಿಸಿದೆ. ಅವರ ಮುಖವನ್ನು ನಾನು ಮೊದಲು ನೋಡಿದ್ದು ಅಲ್ಲಿ, ಹೂವಿನ ನಡುವೆ ಇಟ್ಟಿದ್ದ ಫೋಟೋದಲ್ಲಿ. ನಾನು ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದು ದೊಡ್ಡಜ್ಜಿಯ ಮುಖವನ್ನು. ಇವರು ಉದ್ದಕ್ಕೆ, ಸಪೂರ, ದಪ್ಪ ಕನ್ನಡಕ, ಒಂದು ಹುಬ್ಬು ಮೇಲೆ.

ಊಟದ ಹೊತ್ತಿಗೆ ಶೀಲಾ ನನ್ನ ಮುಂದೆ ಬಂದು ಕೂತಳು. ಕೋಪವಿರಲಿಲ್ಲ, ಅದು ಆರಿಹೋಗಿತ್ತು. "ಒಂದು ಹೇಳು. ಯಾಕೆ ಕೇಳ್ಲಿಲ್ಲ?"

ಹೇಳಿದೆ. ಅಜ್ಜಿ, ಹೊಸ್ತಿಲು, ಶಕುನ, ಎಲ್ಲ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಎಷ್ಟು ಸಣ್ಣದಾಗಿ, ಎಷ್ಟು ಪೆದ್ದಾಗಿ ಕೇಳಿಸಿತೆಂದರೆ ನಡುವೆಯೇ ನಿಲ್ಲಿಸಬೇಕೆನಿಸಿತು. ಅವಳು ಪೂರ್ತಿ ಕೇಳಿದಳು.

"ಅಂದ್ರೆ ನನ್ನಮ್ಮನಿಗೆ ಕೆಟ್ಟದಾಗ್ದೆ ಇರ್ಲಿ ಅಂತ ಕೇಳ್ಲಿಲ್ಲ."

"ಹೌದು."

ಅವಳು ತಟ್ಟೆಯಲ್ಲಿದ್ದ ಸೊಪ್ಪನ್ನು ಫೋರ್ಕಿನಿಂದ ಆಚೀಚೆ ಸರಿಸಿದಳು. "ಅಮ್ಮ ಆಗಿದ್ರೆ ಇದಕ್ಕೆ ಬಿದ್ದು ಬಿದ್ದು ನಗ್ತಿದ್ಲು. ನನ್ನ ಕೈಲಾಗ್ತಿಲ್ಲ," ಎಂದಳು. ಎದ್ದು ಹೋಗುವಾಗ ನನ್ನ ಹೆಗಲನ್ನು ಮುಟ್ಟಿದಳೋ, ಆಸರೆಗೆ ಹಿಡಿದಳೋ, ಗೊತ್ತಾಗಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಪ್ರಕಾಶರಿಗೆ ಸ್ಯಾನ್ ಡಿಯಾಗೋದಲ್ಲಿ ಕೆಲಸವಾಯಿತು. ಅವರ ವೀಸಾ ಬದಲಾಯಿತು, ಅದರ ಜೊತೆಗೆ ನನ್ನ ಕೆಲಸದ ಪರವಾನಗಿಯೂ ಹೋಯಿತು. ಕೊನೆಯ ದಿನ ಕಾರ್ಲಾ ಕಾಫಿ ತಂದಿಟ್ಟು, "ಆರನೇ ಲೈನು ಖಾಲಿ ಇದೆ ಮಿಹಾ, ಅಲ್ಲಿಂದ ನನಗೆ ಫೋನ್ ಮಾಡು," ಎಂದಳು. ಇದುವರೆಗೆ ಮಾಡಿಲ್ಲ. ಶೀಲಾಳ ಮನೆ ನಮ್ಮಿಂದ ಇಪ್ಪತ್ತು ನಿಮಿಷ. ಒಮ್ಮೆ ಅಂಗಡಿಯಲ್ಲಿ ಸಿಕ್ಕಿದ್ದಳು, ತಲೆ ಆಡಿಸಿದಳು. ಇಲ್ಲಿ ಹವೆ ಹಿತವಾಗಿದೆ, ಸಮುದ್ರ ಹತ್ತಿರವಿದೆ. ಮನೆ ಮತ್ತೆ ನಿಶ್ಶಬ್ದ. ನನಗೊಂದು ಹೊಸ ಚಾಳಿ ಅಂಟಿದೆ: ಪ್ರಕಾಶ್ ಶೂ ಹಾಕಿಕೊಳ್ಳುವಾಗ ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಾರೆ.

ಕಳೆದ ತಿಂಗಳು ಅರಸೀಕೆರೆಗೆ ಹೋಗಿದ್ದೆ. ಅಜ್ಜಿಯರಿಬ್ಬರೂ ಈಗಿಲ್ಲ, ಮನೆಯಲ್ಲಿ ಸೋದರಮಾವ, ಅತ್ತೆ. ಒಂದು ಬೆಳಗ್ಗೆ ಮಾವ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಹೊಸ್ತಿಲು ದಾಟುತ್ತಿದ್ದರು. ನನ್ನ ಬಾಯಿಂದ ಬಂದೇಬಿಟ್ಟಿತು. "ಎಲ್ಲಿಗೆ ಹೊರಟ್ರಿ ಮಾವ?"

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ಮಾವ ಅಲ್ಲೇ ನಿಂತರು. ಅತ್ತೆ ಕೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿಬಂದು, "ಅಯ್ಯೋ ನಿನ್ನ! ಅಮೆರಿಕಾಗೆ ಹೋಗಿ ಇಷ್ಟೂ ಮರೆತ್ಯೇನೇ ಗಿರಿಜಾ? ನಿಮ್ಮ ದೊಡ್ಡಜ್ಜಿ ಇದ್ದಿದ್ರೆ ಬರೆ ಹಾಕಿರೋರು. ಬನ್ನಿ ಅಂದ್ರೆ, ಒಳಗೆ ಬನ್ನಿ, ಕೂತು ಒಂದು ಲೋಟ ನೀರು ಕುಡಿದು ಹೋಗಿ," ಎಂದರು.

ಮರೆತಿಲ್ಲ ಅತ್ತೆ, ಎನ್ನಬೇಕೆಂದಿದ್ದೆ. ಹೇಳಿದರೆ ಮಿಸ್ ಬರ್ನಿಸ್ ಯಾರೆಂಬುದರಿಂದ ಶುರುಮಾಡಬೇಕಿತ್ತು, ಹಿಟ್ಟಿನ ಕೈಯಲ್ಲಿ ನಿಂತವರಿಗೆ ಅದನ್ನೆಲ್ಲ ಹೇಗೆ ಹೇಳುವುದು.

ಮಾವ ಚಪ್ಪಲಿ ಬಿಟ್ಟು ಒಳ ಬಂದು ಕೂತರು, ನೀರು ಕುಡಿದರು, "ಇರ್ಲಿ ಬಿಡೇ, ಮಗು ಏನೋ ಅಂತು," ಎಂದು ನನ್ನ ಪರ ವಹಿಸಿ, ಮತ್ತೆ ಹೊರಟರು. ಈ ಸಲ ನಾನು ತುಟಿ ಬಿಗಿಹಿಡಿದು ಬಾಗಿಲ ಬಳಿ ನಿಂತಿದ್ದೆ. ಅವರು ನಾಲ್ಕು ಮನೆ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಬರಿಗಾಲಲ್ಲೇ ಬೀದಿಗಿಳಿದು, ಅವರಿಗೆ ತಿಳಿಯದ ಹಾಗೆ, ತಿರುವಿನವರೆಗೆ ಹಿಂದೆ ಹೋದೆ. ಮಾವ ಎಡಕ್ಕೆ ತಿರುಗಿದರು, ರೈಲ್ವೆ ಗೇಟಿನ ಕಡೆಗೆ. ಅಷ್ಟನ್ನು ನೋಡಿಕೊಂಡು ಒಳಗೆ ಬಂದೆ.